ಉಪ್ಪಿನ ತೊಟ್ಟಿ ಖಾಲಿಯಾಗದಿದ್ದರೆ ಸಮಾಧಾನಪಡಬೇಡಿ

ಮನೆಗೆ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಯಂತ್ರ ಹಾಕಿಸಿದ ಮೊದಲ ನಾಲ್ಕು ತಿಂಗಳು ಅದರ ಪಕ್ಕದ ತೊಟ್ಟಿಗೆ ತುಂಬಿದ್ದ ಉಪ್ಪು ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಉಪ್ಪಿನ ಖರ್ಚು ಇಷ್ಟು ಕಡಿಮೆಯೇ ಎಂದು ಮನೆಯವರೆಲ್ಲ ಸಮಾಧಾನಪಟ್ಟೆವು. ಯಂತ್ರ ಕೆಲಸವನ್ನೇ ಮಾಡುತ್ತಿಲ್ಲ ಎಂಬುದಕ್ಕೆ ಆ ಕರಗದ ಉಪ್ಪೇ ಸಾಕ್ಷಿ ಎಂದು ತಿಳಿಯುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿತ್ತು. ಗೀಸರಿನ ಸುರುಳಿ ಸುಣ್ಣಗಟ್ಟಿ ಸುಟ್ಟುಹೋಗಿತ್ತು, ಕುಡಿಯುವ ನೀರಿನ ಆರ್‌ಒ ಶುದ್ಧೀಕರಣ ಯಂತ್ರದ ಮೆಂಬ್ರೇನ್ (ನೀರು ಸೋಸುವ ಪೊರೆ) ಎರಡು ಸಲ ಬದಲಾಗಿತ್ತು. ಗಡಸು ನೀರಿನ ಕಾಟದಿಂದ ಬೇಸತ್ತು ಇಂತಹ ಯಂತ್ರ ಕೊಳ್ಳಲು ಹೊರಟವರು ನಾನು ಎಡವಿದ ಕಡೆಗಳಲ್ಲಿ ಎಡವಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಆಗಿದ್ದು ಮಾರಾಟಗಾರರು ತೋರಿಸಿದ ಪ್ರಯೋಗವನ್ನು ನಂಬಿದ್ದರಿಂದ. ಅವರು ನಮ್ಮ ನಲ್ಲಿಯ ನೀರನ್ನು ಒಂದು ಲೋಟದಲ್ಲಿಯೂ ಆರ್‌ಒ ನೀರನ್ನು ಇನ್ನೊಂದು ಲೋಟದಲ್ಲಿಯೂ ಇಟ್ಟು, ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹರಿಸಿದರು. ನಮ್ಮ ನೀರು ಕೆಲವೇ ನಿಮಿಷಗಳಲ್ಲಿ ಕಂದು ರಾಡಿಯಾಯಿತು, ಆರ್‌ಒ ನೀರು ತಿಳಿಯಾಗಿಯೇ ಉಳಿಯಿತು. ನಾವು ಇಷ್ಟು ದಿನ ಈ ಕೊಳೆಯನ್ನು ಕುಡಿಯುತ್ತಿದ್ದೆವೇ ಎಂದು ನನ್ನ ತಾಯಿ ಗಾಬರಿಯಾದರು. ಆ ರಾಡಿ ನೀರಿನಲ್ಲಿದ್ದದ್ದಲ್ಲ. ಕಬ್ಬಿಣದ ಕಡ್ಡಿಯೇ ವಿದ್ಯುತ್ತಿನಿಂದ ಸವೆದು ನೀರಿಗೆ ಬಿಟ್ಟ ತುಕ್ಕು ಅದು. ಲವಣವಿರುವ ಯಾವ ನೀರಿನಲ್ಲಿಯೂ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕಡ್ಡಿ ಸವೆಯುತ್ತದೆ, ಲವಣ ತೀರ ಕಡಿಮೆಯಿರುವ ಆರ್‌ಒ ನೀರಿನಲ್ಲಿ ಸವೆಯುವುದಿಲ್ಲ. ಆ ತಿಳಿನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿಸಿದ್ದರೆ ಅದೂ ಕಣ್ಣೆದುರಿಗೇ ರಾಡಿಯಾಗುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಈ ಪ್ರಯೋಗಕ್ಕೆ ಅಣಿಯಾದರೆ, ಅವರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅನಂತರ ಅವರು ಟಿಡಿಎಸ್ ಮೀಟರ್ ಅದ್ದಿ, ಅದರಲ್ಲಿ ಕಂಡ ಅಂಕಿಯನ್ನೇ ಗಡಸುತನವೆಂದು ಹೇಳಿದರು. ಟಿಡಿಎಸ್ ಎಂದರೆ ಕರಗಿದ ಎಲ್ಲ ಲವಣಗಳ ಅಂದಾಜು. ಗಡಸುತನ ಎಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪಾಲು ಮಾತ್ರ. ಸಾಫ್ಟ್‌ನರ್ ಇವೆರಡನ್ನು ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುವುದರಿಂದ ಟಿಡಿಎಸ್ ಇಳಿಯುವುದೇ ಇಲ್ಲ. ಹಾಗಾಗಿ ಸಾಫ್ಟ್‌ನರ್ ಸರಿಯಿದೆಯೇ ಇಲ್ಲವೇ ಎಂಬುದನ್ನು ಆ ಮೀಟರ್ ಎಂದಿಗೂ ಹೇಳಲಾರದು. ಅದಕ್ಕೆ ಬೇಕಾದದ್ದು ಹನಿ ಎಣಿಸುವ ಸಣ್ಣ ಗಡಸುತನ ಪರೀಕ್ಷಾ ಕಿಟ್: ನೀರಿನ ಮಾದರಿ ಕೆಂಪಿನಿಂದ ನೀಲಿಗೆ ತಿರುಗಲು ಎಷ್ಟು ಹನಿ ಬೇಕಾಯಿತು ಎಂಬುದರಿಂದ ಗಡಸುತನ ತಿಳಿಯುತ್ತದೆ. ಯಂತ್ರಕ್ಕೆ ಮೊದಲೇ ನಾನು ಅದನ್ನು ಕೊಂಡಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಯಂತ್ರ ಬಂದ ದಿನ ನಲ್ಲಿಯ ನೀರಿನಲ್ಲಿ ಸೋಪು ಚೆನ್ನಾಗಿ ನೊರೆಯಾಯಿತು. ಮೂರನೆಯ ದಿನಕ್ಕೆ ಮತ್ತೆ ಹಳೆಯ ಕಥೆ. ಕರೆ ಮಾಡಿದಾಗ, ಕೊಳವೆಗಳೊಳಗಿನ ಹಳೆಯ ಸುಣ್ಣ ಕರಗಿ ಹೋಗುವವರೆಗೆ ಹೀಗೆಯೇ ಇರುತ್ತದೆ, ಕೆಲವು ತಿಂಗಳು ಕಾಯಿರಿ ಎಂಬ ಉತ್ತರ ಬಂತು. ಸಾಫ್ಟ್‌ನರ್‌ನಿಂದ ಹೊರಬೀಳುವ ನೀರು ಆ ಕ್ಷಣದಲ್ಲಿಯೇ ಮೆದುವಾಗಿರಬೇಕು; ಯಂತ್ರದ ಬಾಯಲ್ಲಿಯೇ ಮಾದರಿ ಹಿಡಿದು ಪರೀಕ್ಷಿಸಿದರೆ ಕೊಳವೆಯ ನೆಪಕ್ಕೆ ಜಾಗವೇ ಇಲ್ಲ. ಇದು ಗೊತ್ತಿರದೆ ನಾವು ಕಾದೆವು.

ಆರ್‌ಒ ಮೆಂಬ್ರೇನ್ ಎರಡನೆಯ ಸಲ ಕಟ್ಟಿಕೊಂಡಾಗ ಬೇರೊಬ್ಬ ಅನುಭವಿ ಪ್ಲಂಬರ್ ಬಂದು ನೋಡಿದರು. ಅವರು ಮೊದಲು ಕೇಳಿದ್ದು ನೀರಿನ ಪ್ರಯೋಗಾಲಯದ ವರದಿ, ಎರಡನೆಯದು ನೀರಿನ ಒತ್ತಡ. ನಮ್ಮಲ್ಲಿ ಎರಡಕ್ಕೂ ಉತ್ತರವಿರಲಿಲ್ಲ.

ಒತ್ತಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಾವಣಿಯ ಟ್ಯಾಂಕಿನಿಂದ ನೀರು ಇಳಿಯುವ ಎಲ್ಲ ಮನೆಗಳಿಗೂ ಇದು ಅನ್ವಯಿಸುತ್ತದೆ. ಸಾಫ್ಟ್‌ನರ್ ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದು ಹಿಡಿದು ತುಂಬಿದ ಮೇಲೆ, ತೊಟ್ಟಿಯ ಗಟ್ಟಿ ಉಪ್ಪುನೀರು ಅವುಗಳ ಮೂಲಕ ಹಾದು ಅದನ್ನು ತೊಳೆಯಬೇಕು. ಆ ಉಪ್ಪುನೀರನ್ನು ಎಳೆಯಲು ಬೇರೆ ಪಂಪ್ ಇರುವುದಿಲ್ಲ. ಕಿರಿದಾದ ರಂಧ್ರದ ಮೂಲಕ ರಭಸದಿಂದ ಹರಿಯುವ ನೀರೇ ಅದನ್ನು ಹೀರಿಕೊಳ್ಳುತ್ತದೆ. ರಭಸವಿಲ್ಲದಿದ್ದರೆ ಹೀರುವಿಕೆಯೂ ಇಲ್ಲ. ಹತ್ತು ಮೀಟರ್ ಎತ್ತರದ ನೀರಿನಿಂದ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕು ಯಂತ್ರಕ್ಕಿಂತ ನಾಲ್ಕು ಮೀಟರ್ ಮೇಲಿದ್ದುದರಿಂದ ಸಿಗುತ್ತಿದ್ದದ್ದು 0.4 ಬಾರ್, ಕೈಪಿಡಿಯಲ್ಲಿ ಕನಿಷ್ಠ 1.5 ಬಾರ್ ಬೇಕೆಂದು ಅಚ್ಚಾಗಿತ್ತು. ಯಂತ್ರ ರಾತ್ರಿ ಸದ್ದು ಮಾಡುತ್ತಿತ್ತು, ಚರಂಡಿಗೆ ನೀರು ಹರಿಯುತ್ತಿತ್ತು, ಆದರೆ ಉಪ್ಪುನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ವರದಿ ಬಂದಾಗ ಗಡಸುತನ ಲೀಟರಿಗೆ 420 ಮಿಲಿಗ್ರಾಂ ಎಂದಿತ್ತು. 180 ದಾಟಿದರೆ ಅದನ್ನು ಅತಿ ಗಡಸು ನೀರು ಎನ್ನುತ್ತಾರೆ. ನಾವು ದಿನಕ್ಕೆ ಬಳಸುವುದು ಸುಮಾರು 700 ಲೀಟರ್, ಅಂದರೆ ಯಂತ್ರ ಪ್ರತಿದಿನ 294 ಗ್ರಾಂ ಗಡಸುತನವನ್ನು ಹಿಡಿಯಬೇಕು. ನಮಗೆ ಕೊಟ್ಟಿದ್ದು 15 ಲೀಟರ್ ರೆಸಿನ್. ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆಂದು ಧಾರಾಳವಾಗಿ ಲೆಕ್ಕ ಹಾಕಿದರೂ 750 ಗ್ರಾಂ, ಎರಡೂವರೆ ದಿನದ ಕೆಲಸ. ಮಾರಾಟಗಾರರು ಅದನ್ನು ವಾರಕ್ಕೊಮ್ಮೆ ತೊಳೆಯುವಂತೆ ಹೊಂದಿಸಿ ಹೋಗಿದ್ದರು. ಒತ್ತಡ ಸರಿಯಿದ್ದಿದ್ದರೂ ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಗಡಸು ನೀರೇ ನಮ್ಮ ಪಾಲಿಗೆ ಬರುತ್ತಿತ್ತು. ಈ ಲೆಕ್ಕಕ್ಕೆ ಒಂದು ಕಾಗದ, ಐದು ನಿಮಿಷ ಸಾಕು. ಅದನ್ನು ಮಾರುವವರ ಕೈಯಲ್ಲಿ ನಿಮ್ಮೆದುರೇ ಬರೆಸಿಕೊಳ್ಳಿ.

ಅದೇ ವರದಿಯಲ್ಲಿ ಕಬ್ಬಿಣ 1.2 ಮಿಲಿಗ್ರಾಂ ಇತ್ತು. ಬಟ್ಟೆಯ ಮೇಲೆ, ಬಚ್ಚಲಿನಲ್ಲಿ ಕಲೆ ಮೂಡಲು 0.3 ಸಾಕು. ಬಾವಿಯಿಂದ ಬಂದಾಗ ತಿಳಿಯಾಗಿರುವ ನೀರು ಟ್ಯಾಂಕಿನಲ್ಲಿ ಗಾಳಿ ತಾಗಿ ಕಂದಾಗುತ್ತದೆ, ಆ ತುಕ್ಕು ರೆಸಿನ್ ಮಣಿಗಳಿಗೆ ಮೆತ್ತಿಕೊಳ್ಳುತ್ತದೆ, ಬರೀ ಉಪ್ಪುನೀರಿಗೆ ಅದು ಪೂರ್ತಿ ಬಿಡುವುದಿಲ್ಲ. ಮುಚ್ಚಳ ಬಿಚ್ಚಿದಾಗ ಹೊಂಬಣ್ಣದ್ದಾಗಿರಬೇಕಿದ್ದ ರೆಸಿನ್ ಗಾಢ ಕಂದಾಗಿತ್ತು. ಕಬ್ಬಿಣದ ಫಿಲ್ಟರ್ ಮೊದಲು, ಸಾಫ್ಟ್‌ನರ್ ಅದರ ನಂತರ, ಆರ್‌ಒ ಕೊನೆಗೆ ಎಂಬ ಕ್ರಮವನ್ನು ಮಾರಾಟಗಾರರು ಒಮ್ಮೆಯೂ ಹೇಳಿರಲಿಲ್ಲ.

ಅಳವಡಿಕೆಯಲ್ಲಿ ಇನ್ನೂ ಎರಡು ದೋಷಗಳಿದ್ದವು. ತೊಳೆದ ನೀರು ಹೊರಹೋಗುವ ಕೊಳವೆಯನ್ನು ಚರಂಡಿಯೊಳಗೇ ತೂರಿಸಿ ಸಿಮೆಂಟ್ ಮೆತ್ತಿದ್ದರು. ಒತ್ತಡ ತಟ್ಟನೆ ಕುಸಿದರೆ ಚರಂಡಿಯ ನೀರು ಹಿಂದಕ್ಕೆ ಎಳೆದುಕೊಂಡು ಯಂತ್ರಕ್ಕೆ ಬರಬಹುದು. ಅದಕ್ಕಾಗಿ ಕೊಳವೆಯ ತುದಿಗೂ ಚರಂಡಿಗೂ ನಡುವೆ ಗಾಳಿಯ ಅಂತರ ಬಿಡಲೇಬೇಕು. ನೀರನ್ನು ಯಂತ್ರದೊಳಗೆ ಹಾಯಿಸದೆ ನೇರವಾಗಿ ಮನೆಗೆ ಬಿಡುವ ಬೈಪಾಸ್ ಕವಾಟವನ್ನೂ ಹಾಕಿರಲಿಲ್ಲವಾದ್ದರಿಂದ ದುರಸ್ತಿಯ ಎರಡು ದಿನ ಇಡೀ ಮನೆಗೆ ನೀರಿರಲಿಲ್ಲ.

ಪಂಪ್, ಕಬ್ಬಿಣದ ಫಿಲ್ಟರ್, ಹೊಸ ರೆಸಿನ್ ಎಲ್ಲ ಸೇರಿ ಯಂತ್ರ ಸರಿಹೋದ ಮೇಲೆ ನಾನು ಯೋಚಿಸಿರದ ಪ್ರಶ್ನೆಯೊಂದು ಎದ್ದಿತು. ಪ್ರತಿ ಮಿಲಿಗ್ರಾಂ ಗಡಸುತನಕ್ಕೆ ಬದಲಾಗಿ 0.46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ನಮ್ಮ ನೀರಿಗೆ ಲೀಟರಿಗೆ 190 ಮಿಲಿಗ್ರಾಂಗೂ ಹೆಚ್ಚು. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿರುವ ನನ್ನ ತಾಯಿಗೆ ಇದು ಸಣ್ಣ ವಿಷಯವಲ್ಲ. ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನೂ ಗಿಡಗಳ ನಲ್ಲಿಯನ್ನೂ ಸಾಫ್ಟ್‌ನರ್‌ಗಿಂತ ಮುಂಚಿನ ಕೊಳವೆಗೆ ಜೋಡಿಸಿಕೊಂಡೆವು. ಗೋಡೆ ಒಡೆಯುವ ಮೊದಲೇ ಇದನ್ನು ಯೋಚಿಸಿದ್ದರೆ ಕೆಲಸ ಅರ್ಧವಾಗುತ್ತಿತ್ತು.

ವಾರಂಟಿ ಕೇಳಿದಾಗ, ಕನಿಷ್ಠ ಒತ್ತಡವಿಲ್ಲದ ಕಡೆ ಅಳವಡಿಸಿರುವುದರಿಂದ ಅದು ಅನ್ವಯಿಸುವುದಿಲ್ಲ ಎಂದು ಉತ್ತರಿಸಿದರು. ಅಳವಡಿಸಿದವರು ಅವರದೇ ಜನ. ಆದ್ದರಿಂದ ನೀರಿನ ಗಡಸುತನ, ಕಬ್ಬಿಣ, ದಿನದ ಬಳಕೆ, ಯಂತ್ರದ ಬಾಯಲ್ಲಿ ಅಳೆದ ಒತ್ತಡ ಮತ್ತು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬ ಲೆಕ್ಕ, ಈ ಐದನ್ನೂ ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳದೆ ಹಣ ಕೊಡಬೇಡಿ. ಅಳವಡಿಸಿದ ಮೇಲೆ ತೊಟ್ಟಿಯ ಒಳಗೋಡೆಗೆ ಉಪ್ಪಿನ ಮಟ್ಟದಲ್ಲಿ ಒಂದು ಗೆರೆ ಎಳೆದು, ಹದಿನೈದು ದಿನ ಬಿಟ್ಟು ನೋಡಿ.