ಹಳದಿ ಪಿಯೋನಿ ಅಂತ ನಂಬಿಸಿ ಗುಲಾಬಿ ಬಣ್ಣದ್ದು ಕೊಟ್ಟರು, ಹುಷಾರಾಗಿರಿ

ಮಿಶಿಗನ್‌ನಲ್ಲಿರುವ ಕನ್ನಡದವರೇ, ಸೆಪ್ಟೆಂಬರ್ ಬಂತು. ಪಿಯೋನಿ ಅನ್ನುವ ದೊಡ್ಡ ಹೂವಿನ ಗಿಡದ ಗಡ್ಡೆ ಮಾರುವವರು ಮತ್ತೆ ಶುರು ಮಾಡುತ್ತಾರೆ. ಇದನ್ನು ಓದಿ, ಆಮೇಲೆ ದುಡ್ಡು ಕೊಡಿ.

ನಾನು ಕೇಳಿದ್ದು ಬಾರ್ಟ್‌ಜೆಲ್ಲಾ. ಹಳದಿ ಹೂವಿನ ಇಟೋ ಪಿಯೋನಿ (ಮರದಂಥ ಪಿಯೋನಿ, ಸಾಮಾನ್ಯ ಪಿಯೋನಿ ಎರಡರ ಮಿಶ್ರತಳಿ), 2006ರಲ್ಲಿ ಅಮೆರಿಕನ್ ಪಿಯೋನಿ ಸೊಸೈಟಿಯ ಚಿನ್ನದ ಪದಕ ಪಡೆದ ತಳಿ. ಒಂದು ಗಡ್ಡೆಗೆ 80 ಡಾಲರ್. ಮನೆಯಲ್ಲೇ ಗಿಡ ಬೆಳೆಸಿ ಮಾರುವವರು, ನಮ್ಮ ಊರ ಕಡೆಯವರೇ. ಅದಕ್ಕೇ ನಂಬಿದ್ದು. ಗಡ್ಡೆಯೇನೋ ಚೆನ್ನಾಗಿತ್ತು. ಗೆಣಸಿನಂಥ ದಪ್ಪ ಬೇರು, ಮೇಲೆ ನಾಲ್ಕು ಕೆಂಪು ಕಣ್ಣು, ಅಂದರೆ ಚಿಗುರು ಒಡೆಯುವ ಜಾಗ. ಕಣ್ಣು ಎರಡು ಇಂಚಿಗಿಂತ ಆಳಕ್ಕೆ ಹೋದರೆ ಹೂ ಬಿಡಲ್ಲ ಅಂತ ಅಳತೆ ಮಾಡಿಯೇ ನೆಟ್ಟೆ. ಪಿಯೋನಿ ಅಂದಮೇಲೆ ಎರಡು ಮೂರು ವರ್ಷ ಕಾಯಬೇಕು ಅಲ್ವಾ, ಕಾದೆ.

ಈ ಜೂನ್‌ನಲ್ಲಿ ಮೊಗ್ಗು ಬಂತು. ಹಸಿರು ಸಿಪ್ಪೆ ಬಿರಿದು ಒಳಗಿನ ದಳ ಇಣುಕಿತು. ಗುಲಾಬಿ! ಅರಳಿದ ಮೇಲೆ ಹಳದಿ ಆಗಬಹುದು ಅಂತ ಎರಡು ದಿನ ಸಮಾಧಾನ ಮಾಡಿಕೊಂಡೆ. ಪೂರ್ತಿ ಅರಳಿತು. ಪೂರ್ತಿ ಗುಲಾಬಿ. ಹಳದಿ ಪಿಯೋನಿ ನೋಡಲು ಬನ್ನಿ ಅಂತ ಸ್ನೇಹಿತರನ್ನೆಲ್ಲ ಕರೆದಾಗಿತ್ತು. ಅವರ ಮುಂದೆ ತಲೆ ತಗ್ಗಿಸಿ ನಿಂತೆ.

ಫೋಟೊ ಕಳಿಸಿದೆ. ಬಂದ ಉತ್ತರ: "ಮೇಡಂ, ನಿಮ್ಮ ಮಣ್ಣಲ್ಲಿ ಹುಳಿ ಜಾಸ್ತಿ ಇರಬೇಕು, ಅದಕ್ಕೇ ಬಣ್ಣ ಬದಲಾಗಿದೆ." ರೀ, ಮಣ್ಣಿಗೆ ತಕ್ಕಂತೆ ಬಣ್ಣ ಬದಲಿಸುವುದು ಹೈಡ್ರೇಂಜಿಯಾ! ಪಿಯೋನಿಗೆ ಅದೆಲ್ಲ ಇಲ್ಲ. ಹಾಗಂತ ಬರೆದೆ. "ಸುಮ್ನೆ ಟೆನ್ಶನ್ ಮಾಡ್ಕೋಬೇಡಿ, ಮುಂದಿನ ವರ್ಷ ಹಳದಿನೇ ಬರುತ್ತೆ" ಅಂದರು. ದುಡ್ಡು ವಾಪಸ್ ಕೊಡಿ ಅಂದೆ. "ಗ್ಯಾರಂಟಿ ಒಂದೇ ವರ್ಷ ಅಂತ ಆಗಲೇ ಹೇಳಿದ್ವಲ್ಲ ಮೇಡಂ." ಒಂದು ವರ್ಷ! ಹೂ ಬಿಡುವುದೇ ಮೂರನೇ ವರ್ಷಕ್ಕೆ, ಗ್ಯಾರಂಟಿ ಒಂದು ವರ್ಷ! ಬಣ್ಣ ಗೊತ್ತಾಗುವ ಹೊತ್ತಿಗೆ ಅವರ ಜವಾಬ್ದಾರಿ ಮುಗಿದಿರುತ್ತೆ. ಮೋಸ ಇರುವುದೇ ಇಲ್ಲಿ. ಆಮೇಲೆ ಉತ್ತರವೂ ಇಲ್ಲ, ಫೋನೂ ಎತ್ತಲ್ಲ.

ಬರಿಗಡ್ಡೆ ನೋಡಿ ಹೂವಿನ ಬಣ್ಣ ಯಾರೂ ಹೇಳಲಾರರು. ಜೂನ್‌ನಲ್ಲೇ ಹೋಗಿ ತಾಯಿಗಿಡದ ಹೂ ನೋಡಿ, ಅದೇ ಗಿಡದ ಗಡ್ಡೆ ಬೇಕು ಅಂತ ಹೇಳಿಟ್ಟು ಬನ್ನಿ. ತಳಿ ಬೇರೆ ಆದರೆ, ಯಾವ ವರ್ಷ ಹೂ ಬಿಟ್ಟರೂ ಸರಿ, ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಬಿಟ್ಟುಬಿಡಿ, ಊರವರಾದರೂ ಸರಿ. 80 ಡಾಲರ್ ಹೋಗಲಿ, ಹೊಸ ಗಡ್ಡೆ ನೆಟ್ಟು ಮತ್ತೆ ಮೊದಲಿಂದ ಕಾಯಬೇಕಲ್ಲ, ಆ ವರ್ಷಗಳನ್ನು ಯಾರು ಕೊಡುತ್ತಾರೆ?