ವಿರಾಜಪೇಟೆಯ ಸಾಣೆ ಅಂಗಡಿಗೆ ಅಜ್ಜನ ಶೆಫೀಲ್ಡ್ ಕತ್ತಿ ಕೊಟ್ಟೆ

ಮನೆಯಲ್ಲಿ ಹಳೇ ಕತ್ತಿ ಇದ್ದು, ಸಾಣೆ ಹಿಡಿಸಬೇಕು ಅಂತಿದ್ದರೆ ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ.

ಕತ್ತಿ ನನ್ನ ಅಜ್ಜನದು. ಅವರು ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡುವವರು) ಆಗಿದ್ದರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ಕೊಟ್ಟು ಹೋದ ಕಪಾತಿನ, ಅಂದರೆ ಗಿಡದ ಕೊಂಬೆ ಸವರುವ ಕತ್ತಿ ಇದು. ತುದಿ ಸ್ವಲ್ಪ ಬಾಗಿದೆ, ಅಲಗಿನ ಬುಡದಲ್ಲಿ ಶೆಫೀಲ್ಡ್ ಅಂತ ಮುದ್ರೆ ಒತ್ತಿದ್ದಾರೆ, ಕತ್ತಿ-ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಅದು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗಳ ಜೊತೆ ಇದನ್ನೂ ಇಟ್ಟು ತೋಕ್ ಪೂ (ಕೋವಿ ಹೂ) ಏರಿಸುತ್ತೇವೆ.

ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಕಡೆ ಇದನ್ನು ಸಾಣೆಗೆ ಕೊಟ್ಟಿದ್ದೆ. ಮೋಟಾರಿನ ಒಣ ಕಲ್ಲಿಗೆ ಒತ್ತಿ ಹಿಡಿದರು, ಕಿಡಿ ಹಾರಿತು, ಎರಡೇ ನಿಮಿಷದಲ್ಲಿ ಫಳಫಳ. ಮನೆಗೆ ಬಂದು ನೋಡಿದರೆ ತುದಿ ನೀಲಿಗಟ್ಟಿತ್ತು. ಬಿಸಿ ಜಾಸ್ತಿ ಆಗಿ ಉಕ್ಕಿನ ಹದ ಹೋಯಿತು ಅನ್ನೋದಕ್ಕೆ ಆ ನೀಲಿಯೇ ಗುರುತು. ಒಂದು ಸಾಲು ಗಿಡ ಮುಗಿಯೋದರೊಳಗೆ ತುದಿ ಮೊಂಡಾಯಿತು. ನನಗೆ ಅಳುವೇ ಬಂತು.

ಈ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ವಿರಾಜಪೇಟೆಯ ಈ ಅಂಗಡಿಗೆ ಹೋದೆ. ಬೋರ್ಡ್ ಇಲ್ಲ, ಕೇಳಿಕೊಂಡೇ ಹೋಗಬೇಕು. ಆಚಾರ್ರು ಕತ್ತಿ ತಗೊಂಡು, ಅಲಗನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ, "ಇದನ್ನು ಯಾರಕ್ಕಾ ಸುಟ್ಟದ್ದು?" ಅಂದರು. ಅಲ್ಲಿಗೇ ನನಗೆ ನಂಬಿಕೆ ಬಂತು. ಇವರ ಹತ್ತಿರ ಇರೋದು ನೀರಿನ ಸಾಣೆ. ಮರಳುಗಲ್ಲಿನ ದೊಡ್ಡ ಚಕ್ರ, ಕೆಳಗೆ ನೀರಿನ ತೊಟ್ಟಿ, ನಿಧಾನಕ್ಕೆ ತಿರುಗುತ್ತೆ. ಅಲಗು ಬಿಸಿಯೇ ಆಗೋದಿಲ್ಲ. ನೀಲಿ ಭಾಗವನ್ನು ಪೂರ್ತಿ ಸವೆಸಿ ಹೊಸ ಬಾಯಿ ಕೊಟ್ಟರು. ತುದಿ ಒಂದು ಕಾಳುಮೆಣಸಿನಷ್ಟು ಗಿಡ್ಡ ಆಗಿದೆ, ಪರವಾಗಿಲ್ಲ.

ಆ ಕಲ್ಲನ್ನು ನೋಡ್ತಾ ಕೂತಾಗ ನನಗೆ ಶೆಫೀಲ್ಡೇ ನೆನಪಾಯಿತು. ಅಕ್ಕನ ಮಗಳು ಅಲ್ಲಿ ಓದುವಾಗ ಪೋರ್ಟರ್ ಹೊಳೆಯ ದಂಡೆಯಲ್ಲಿರುವ ಶೆಫರ್ಡ್ ವೀಲ್ ಅನ್ನೋ ಹಳೇ ಸಾಣೆಮನೆಗೆ ಹೋಗಿ ವಿಡಿಯೋ ಕಳಿಸಿದ್ದಳು. ಹೊಳೆ ನೀರು ದೊಡ್ಡ ಚಕ್ರ ತಿರುಗಿಸುತ್ತೆ, ಆ ಚಕ್ರ ಒಳಗಿನ ಸಾಣೆಕಲ್ಲುಗಳನ್ನು ತಿರುಗಿಸುತ್ತೆ. ಆ ಊರಿಗೆ ಡಾನ್, ಶೀಫ್, ರಿವೆಲಿನ್, ಲಾಕ್ಸ್‌ಲಿ, ಪೋರ್ಟರ್ ಅಂತ 5 ಹೊಳೆ. ಶೀಫ್‌ನಿಂದಲೇ ಊರಿಗೆ ಹೆಸರು. ಗುಡ್ಡದಿಂದ ಇಳಿಯುವ ನೀರು, ಸಾಣೆಗೆ ಬೇಕಾದ ಒರಟು ಕಲ್ಲು, ಎರಡೂ ಅಲ್ಲೇ ಸಿಕ್ಕವು. ಹೀಗೆ ಹೊಳೆ ದಂಡೆಗಳಲ್ಲಿ 100ಕ್ಕೂ ಹೆಚ್ಚು ಕಡೆ ನೀರಿನ ಚಕ್ರಗಳು ಎದ್ದವು. ಕತ್ತಿ ಮಾಡುವವರ ಸಂಘ 1624ರಲ್ಲೇ ಶುರುವಾಗಿತ್ತು.

ಉಕ್ಕಿನ ಕಥೆ ಇನ್ನೂ ಚೆನ್ನಾಗಿದೆ. 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವರು, ಸ್ಪ್ರಿಂಗಿಗೆ ಒಳ್ಳೆ ಉಕ್ಕು ಸಿಗದೆ, ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ದರು. ಊರಿನ ಕತ್ತಿಯವರು ಇದು ತೀರಾ ಗಟ್ಟಿ, ಬೇಡ ಅಂದರಂತೆ. ಫ್ರಾನ್ಸಿನವರು ಕೊಂಡು ಒಳ್ಳೇ ಕತ್ತಿ ಮಾಡಿದ ಮೇಲೆ ಇವರೂ ದಾರಿಗೆ ಬಂದರು. ಮೂಸೆಯಲ್ಲಿ ಉಕ್ಕು ಮಾಡುವ ಕಸುಬು ನಮ್ಮ ದಕ್ಷಿಣದಲ್ಲಿ ಅದಕ್ಕಿಂತ ಎಷ್ಟೋ ಹಿಂದಿನಿಂದ ಇತ್ತು. ಇಂಗ್ಲಿಷರು ಅದನ್ನು ವೂಟ್ಜ್ ಅಂದರು. ನಮ್ಮ 'ಉಕ್ಕು' ಅನ್ನೋ ಮಾತೇ ಅವರ ಬಾಯಲ್ಲಿ ಹಾಗಾಯಿತು ಅಂತ ಹೇಳ್ತಾರೆ.

ಆ ಊರಿನ ಕಷ್ಟವೂ ನೀರು ಮತ್ತು ಸಾಣೆಯದ್ದೇ. 1864ರ ಮಾರ್ಚ್ 11ರ ರಾತ್ರಿ ಲಾಕ್ಸ್‌ಲಿ ಕಣಿವೆಯ ಮೇಲೆ ಹೊಸದಾಗಿ ಕಟ್ಟಿದ ಡೇಲ್ ಡೈಕ್ ಅಣೆಕಟ್ಟು ಒಡೆದು 240ರಷ್ಟು ಜನ ಸತ್ತರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ, ಗುಡ್ಡ ಕುಸಿತ ಕಂಡ ನಮಗೆ ಗುಡ್ಡದ ಮೇಲಿಂದ ನೀರು ನುಗ್ಗಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಅದಕ್ಕಿಂತ ನಿಧಾನಕ್ಕೆ ಕೊಂದದ್ದು ಸಾಣೆಯ ಧೂಳು. ಅದರಲ್ಲೂ ಫೋರ್ಕ್‌ಗಳನ್ನು ನೀರಿಲ್ಲದೆ ಒಣಕಲ್ಲಿಗೆ ಹಿಡಿಯುತ್ತಿದ್ದವರು ಶ್ವಾಸಕೋಶ ಕೆಟ್ಟು ತೀರಾ ಚಿಕ್ಕ ವಯಸ್ಸಿಗೇ ಹೋಗಿಬಿಡುತ್ತಿದ್ದರು.

ಅದಕ್ಕೇ ಈ ಅಂಗಡಿಗೆ 5ಕ್ಕೆ 4 ಕೊಡ್ತಿದ್ದೇನೆ. ಅಂಗಡಿಯ ಹಿಂದೆ ಒಂದು ಒಣ ಗ್ರೈಂಡರ್ ಕೂಡ ಇದೆ, ಕಡಿಮೆ ಬೆಲೆಯ ಅಡುಗೆಮನೆ ಚಾಕುಗಳಿಗೆ. ಅದರ ಮುಂದೆ ಕೂರುವ ಹುಡುಗನ ಮುಖಕ್ಕೆ ಮಾಸ್ಕ್ ಇಲ್ಲ. ನಾನು ಹೇಳಿದೆ, ಆಚಾರ್ರು "ಹೌದಕ್ಕಾ, ತರಿಸ್ತೇನೆ" ಅಂದರು. ನೀವು ಹೋದಾಗಲೂ ಕೇಳಿ. ಎರಡು ಮೂರು ಜನ ಕೇಳಿದರೆ ಖಂಡಿತ ತರಿಸ್ತಾರೆ.

ಕೂಲಿ 120 ರೂಪಾಯಿ. ನಾಲ್ಕು ದಿನ ಕಾಯಿಸಿದರು, ಅವಸರದವರಿಗೆ ಆಗಿಬರಲ್ಲ. ಹಿಡಿ ಸಡಿಲ ಇದ್ದರೆ ಅದನ್ನು ಇಲ್ಲಿ ಮಾಡಲ್ಲ, ಬಡಗಿ ಹತ್ತಿರ ಹೋಗಬೇಕು. ಈಗ ಒಂದೂವರೆ ತಿಂಗಳಾಯಿತು. ಅರ್ಧ ತೋಟದ ಕಪಾತು ಮುಗಿದಿದೆ, ಹೆಬ್ಬೆರಳು ದಪ್ಪದ ರೊಬಸ್ಟಾ ಕಾಫಿ ಗಿಡದ ರೆಕ್ಕೆಯನ್ನೂ (ಅಡ್ಡ ಕೊಂಬೆ) ಒಂದೇ ಎಳೆತಕ್ಕೆ ಕತ್ತರಿಸುತ್ತೆ, ಸಿಪ್ಪೆ ಹರಿಯಲ್ಲ.

ಇನ್ನೊಂದು ಮಾತು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲನ್ನು ಹ್ಯಾರಿ ಬ್ರಿಯರ್ಲಿ 1913ರಲ್ಲಿ ಮಾಡಿದ್ದೂ ಶೆಫೀಲ್ಡಿನಲ್ಲೇ, ಆದರೆ ಇಂಥ ಹಳೇ ಕತ್ತಿಗಳು ಆ ಜಾತಿಯವಲ್ಲ. ನಮ್ಮ ಜೂನ್ ಮಳೆಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತವೆ. ಸಾಣೆ ಆದ ತಕ್ಷಣ ಒರೆಸಿ ಎಣ್ಣೆ ಸವರಬೇಕು. ಅಂಗಡಿಯಲ್ಲಿ ಬರೀ ಪೇಪರಿನಲ್ಲಿ ಸುತ್ತಿ ಕೊಡ್ತಾರೆ, ಎಣ್ಣೆಬಟ್ಟೆ ಮನೆಯಿಂದಲೇ ತಗೊಂಡು ಹೋಗಿ.