ಐದು ವರ್ಷ ಬಳಸಿದ ಡಬಲ್ ಬೀಮ್ ಸ್ಪೆಕ್ಟ್ರೋಫೋಟೋಮೀಟರ್: ನಿಧಾನದ ಕಿಣ್ವಗಳಿಗೆ ಸಾಲುತ್ತದೆಯೇ?

ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಈ ಮೆಷಿನ್ ನಮ್ಮ ಲ್ಯಾಬಿಗೆ ಬಂದು ಐದು ವರ್ಷ ಆಯಿತು. ಕ್ಯೂವೆಟ್ಟಿನ (ದ್ರಾವಣ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ) ಉಷ್ಣತೆ ಕಾಯುವ ಪೆಲ್ಟಿಯರ್ ಹೋಲ್ಡರ್ ಇರುವ ಮಾಡೆಲ್. ನನ್ನ ಕೆಲಸ ಇ. ಕೋಲೈ ಬ್ಯಾಕ್ಟೀರಿಯಾದ ಆಲ್ಕಲೈನ್ ಫಾಸ್ಫಟೇಸ್ ಎಂಬ, ಫಾಸ್ಫೇಟ್ ಕತ್ತರಿಸುವ ಕಿಣ್ವದ ಮೇಲೆ. ಸಕ್ರಿಯ ತಾಣದಲ್ಲಿ (ಕ್ರಿಯೆ ನಡೆಯುವ ಜಾಗ) ಒಂದೊಂದೇ ಅಮೈನೋ ಆಮ್ಲ ಬದಲಿಸಿ, ವೇಗ ಎಷ್ಟು ಬಿತ್ತು ಅಂತ ನೋಡುವುದು. ಬಿದ್ದಷ್ಟೂ ಆ ಅಮೈನೋ ಆಮ್ಲದ ಪಾಲು ದೊಡ್ಡದು.

ಮೂಲ ಕಿಣ್ವಕ್ಕೆ ಯಾವ ಮೆಷಿನ್ ಆದರೂ ನಡೆಯುತ್ತದೆ. ಪಿಎನ್‌ಪಿಪಿ (ಕಿಣ್ವ ಕತ್ತರಿಸಿದಾಗ ಹಳದಿ ನೈಟ್ರೊಫಿನಾಲ್ ಬಿಡುವ ವಸ್ತು) ಹಾಕಿದ ಕೂಡಲೇ ಹಳದಿ ಬಣ್ಣ, 405 ನ್ಯಾನೊಮೀಟರಿನಲ್ಲಿ ಗೆರೆ ನೆಟ್ಟಗೆ ಏರುತ್ತದೆ. ಕಷ್ಟ ಶುರುವಾಗುವುದು 102ನೇ ಸೆರಿನ್ ತೆಗೆದು ಅಲನಿನ್ ಹಾಕಿದಾಗ. ಬೆಳಕು ಹೀರುವ ಅಳತೆ ನಿಮಿಷಕ್ಕೆ 0.001 ಏರಿದರೆ, ಅದು ಕಿಣ್ವದ ಕೆಲಸವೋ ದೀಪದ ಅಲುಗಾಟವೋ? ಈ ಮೆಷಿನ್ ನನಗೆ ಇಷ್ಟವಾದದ್ದು ಇಲ್ಲೇ. ದೀಪ ಒಂದು ಗಂಟೆ ಕಾದ ಮೇಲೆ ಬರೀ ಬಫರ್ ಇಟ್ಟು ಇನ್ನೊಂದು ಗಂಟೆ ಓಡಿಸಿದರೂ ಗೆರೆ 0.001ಕ್ಕಿಂತ ಜಾಸ್ತಿ ಜರುಗುವುದಿಲ್ಲ. ಐದನೇ ವರ್ಷದಲ್ಲೂ ಹಾಗೇ ಇದೆ.

ಇಷ್ಟು ಹಟ ಯಾಕೆ ಅಂದರೆ, 1988ರಲ್ಲಿ ಕಾರ್ಟರ್ ಮತ್ತು ವೆಲ್ಸ್ ಎಂಬ ವಿಜ್ಞಾನಿಗಳು ಸಬ್‌ಟಿಲಿಸಿನ್ ಎಂಬ, ಪ್ರೋಟೀನ್ ಕತ್ತರಿಸುವ ಕಿಣ್ವದ ಮೇಲೆ ಮಾಡಿದ ಕೆಲಸ ನೋಡಿ. 221ನೇ ಸೆರಿನ್ ಒಂದನ್ನೇ ಅಲನಿನ್ ಮಾಡಿದರೆ ವೇಗ ಸುಮಾರು 20 ಲಕ್ಷ ಪಟ್ಟು ಬಿತ್ತು. 64ನೇ ಹಿಸ್ಟಿಡಿನ್‌ದೂ ಅದೇ ಕಥೆ. ಮೂರನೆಯದಾದ 32ನೇ ಆಸ್ಪಾರ್ಟೇಟನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ತೆಗೆದರೂ ಬಿದ್ದದ್ದು ಹೆಚ್ಚುಕಡಿಮೆ ಅಷ್ಟೇ! ಒಂದೊಂದರ ಪಾಲನ್ನು ಸುಮ್ನೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ, ಅಲ್ವಾ? ಜೋಡಿ ಮ್ಯುಟೆಂಟ್‌ಗಳನ್ನೂ (ಎರಡು ಅಮೈನೋ ಆಮ್ಲ ಬದಲಿಸಿದ ಕಿಣ್ವಗಳು) ಅಳೆಯಲೇಬೇಕು. ಅವು ಗಂಟೆಗಟ್ಟಲೆ ಓಡುವಂಥವು. ಆವಿಯಾಗದಂತೆ ಕ್ಯೂವೆಟ್ಟಿಗೆ ಮುಚ್ಚಳ ಹಾಕಿ.

ಒಮ್ಮೆ ನನ್ನ ಸೆರಿನ್ ಮ್ಯುಟೆಂಟ್ ಚೆನ್ನಾಗೇ ಕೆಲಸ ಮಾಡುತ್ತಿದೆ ಅನ್ನಿಸಿತು. ಅದರ ಕೆಎಂ (ಅರ್ಧ ಗರಿಷ್ಠ ವೇಗಕ್ಕೆ ಬೇಕಾದ ಪಿಎನ್‌ಪಿಪಿ ಸಾಂದ್ರತೆ) ನೋಡಿದರೆ ಮೂಲ ಕಿಣ್ವದ್ದೇ. ಅಲ್ಲೇ ಅನುಮಾನ ಬಂತು. ಪ್ರೋಟೀನ್ ಬೆಳೆಸಿದ ಬ್ಯಾಕ್ಟೀರಿಯಾದ ಸ್ವಂತ ಫಾಸ್ಫಟೇಸ್ ಒಂಚೂರು ಸೇರಿಕೊಂಡಿತ್ತು. ಆ ಜೀನ್ ಇಲ್ಲದ ತಳಿಯಲ್ಲಿ ಮತ್ತೆ ಬೆಳೆಸಿದೆ, ವೇಗ ಅರ್ಧಕ್ಕರ್ಧ ಇಳಿಯಿತು. ಯಾವ ಮೆಷಿನ್ನೂ ಇದನ್ನು ಹಿಡಿದು ಕೊಡುವುದಿಲ್ಲ.

ದೂರು ಇರುವುದು ಪೆಲ್ಟಿಯರ್ ಬಗ್ಗೆ. ಮೂರನೇ ವರ್ಷ ಸ್ಕ್ರೀನಿನಲ್ಲಿ 25 ಡಿಗ್ರಿ ಇದ್ದಾಗ ಕ್ಯೂವೆಟ್ಟಿನೊಳಗೆ 28 ಇತ್ತು. ತೆಳು ಪ್ರೋಬ್ ಇಳಿಸಿ ನೋಡುವ ತನಕ ಗೊತ್ತೇ ಆಗಲಿಲ್ಲ. ಮೂಲ ಕಿಣ್ವವನ್ನು ಅಳೆದದ್ದು ಕೆಡುವ ಮೊದಲು, ಮ್ಯುಟೆಂಟ್‌ಗಳನ್ನು ಕೆಟ್ಟ ಮೇಲೆ. ಎರಡು ತಿಂಗಳ ಕೆಲಸ ಮತ್ತೆ ಮಾಡಿದೆ. ಸರ್ವೀಸಿನವರು ಬರಲು ಐದು ವಾರ ಹಿಡಿಯಿತು. ತುಂಬಾ ಬೇಸರವಾಗಿತ್ತು. ಈಗ ಪ್ರತಿ ಸೋಮವಾರ ಪ್ರೋಬ್ ಇಡುತ್ತೇನೆ, ಮೂಲ ಕಿಣ್ವ, ಮ್ಯುಟೆಂಟ್ ಎರಡನ್ನೂ ಒಂದೇ ದಿನ ಅಳೆಯುತ್ತೇನೆ.

ಇನ್ನೊಂದು ಮಾತು. ನೈಟ್ರೊಫಿನಾಲ್‌ನ ಪಿಕೆಎ (ಅರ್ಧ ಅಣುಗಳು ಮಾತ್ರ ಹಳದಿ ರೂಪದಲ್ಲಿರುವ ಪಿಎಚ್) ಸುಮಾರು 7.1. ಪಿಎಚ್ 7ರ ಹತ್ತಿರ ಅಳೆಯುವವರು ಬಣ್ಣದಿಂದ ಸಾಂದ್ರತೆ ಲೆಕ್ಕ ಹಾಕಲು ಪುಸ್ತಕ ಕೊಡುವ 18,000 ಗುಣಾಂಕ ಹಾಕಬೇಡಿ, ನಿಮ್ಮ ಬಫರಿನಲ್ಲೇ ಸ್ಟ್ಯಾಂಡರ್ಡ್ ಗೆರೆ ಎಳೆಯಿರಿ.

ಸಾಫ್ಟ್‌ವೇರ್ ಸಾಧಾರಣ. ಬರೀ ವೇಗದ ಕಿಣ್ವಗಳಿಗಾದರೆ ಇಷ್ಟು ದುಡ್ಡು ಬೇಡ, ಒಮ್ಮೆಗೇ ಹಲವು ಸ್ಯಾಂಪಲ್ ಓದುವ ಪ್ಲೇಟ್ ರೀಡರ್ ಸಾಕು. ನಿಧಾನದ ಮ್ಯುಟೆಂಟ್‌ಗಳಿದ್ದರೆ ತಗೊಳ್ಳಿ. ಡೆಮೊ ಕೊಡಲು ಬಂದವರ ಎದುರೇ ಬಫರ್ ಇಟ್ಟು ಒಂದು ಗಂಟೆ ಓಡಿಸಿ, ಆಮೇಲೆ ಆರ್ಡರ್ ಕೊಡಿ.